ಸಲಾಲಾದ ಬೊಂಡ

ಸಲಾಲಾದಲ್ಲಿ ಬೊಂಡ ಕುಡಿದಿದ್ದೀರಾ? ಒಮಾನ್ ಎಂದರೆ ಮರಳು, ಖರ್ಜೂರ, ಒಂಟೆ ಎಂದುಕೊಂಡು ಮಸ್ಕತ್ತಿನಿಂದ ಸಾವಿರ ಕಿಲೋಮೀಟರ್ ತೆಂಕಣಕ್ಕೆ ಹೋದ ನಮ್ಮ ಕರಾವಳಿಯವರು ಅಲ್ಲಿ ಒಂದು ಗಳಿಗೆ ಕಣ್ಣುಜ್ಜಿಕೊಳ್ಳುತ್ತಾರೆ. ದಾರಿಯ ಬದಿಗೆ ತೆಂಗು, ಬಾಳೆ, ಪಪ್ಪಾಯಿ. ಆಗಸ್ಟಿನಲ್ಲಿ ಹೋದರಂತೂ ಬೆಟ್ಟವೆಲ್ಲ ಹಸಿರು, ಮಂಜು, ಜಿಟಿಜಿಟಿ ಹನಿ. ಆಗುಂಬೆಯಲ್ಲಿ ಹುಯ್ಯುವ ನೈಋತ್ಯ ಮಾರುತದ ಸೆರಗೇ ಸಲಾಲಾ ಇರುವ ದೋಫಾರ ಸೀಮೆಯ ಬೆಟ್ಟಕ್ಕೂ ತಾಗುತ್ತದೆ. ಅವರು ಅದನ್ನು ಖರೀಫ್ ಎನ್ನುತ್ತಾರೆ. ನಮ್ಮ ಕೃಷಿ ಇಲಾಖೆಯ ಕಾಗದಗಳಲ್ಲಿ ಬರುವ ಖಾರಿಫ್ ಬೆಳೆಯ ಖಾರಿಫೂ ಅದೇ ಅರಬ್ಬಿ ಮಾತು. ಬೆಟ್ಟದ ಜನ ಒಂಟೆಯ ಜೊತೆಗೆ ದನವನ್ನೂ ಸಾಕುತ್ತಾರೆ. ಮಂಜಿನೊಳಗಿಂದ ದನದ ಹಿಂಡು ರಸ್ತೆಗೆ ಇಳಿದು ಬರುವುದನ್ನು ನೋಡಿದರೆ ಊರ ನೆನಪಾಗದೆ ಇರುತ್ತದೆಯೇ?

ನನಗೆ ಮಾತ್ರ ಆ ಬೆಟ್ಟ ಕಂಡಾಗ ನೆನಪಾಗುವುದು ಶಾಲೆಯ ಉಪ್ಪಿಟ್ಟು. ಎತ್ತಣ ಬೆಟ್ಟ, ಎತ್ತಣ ಉಪ್ಪಿಟ್ಟು ಎನ್ನುವಿರಿ. ತಾಳಿ, ಹೇಳುತ್ತೇನೆ. ಎಪ್ಪತ್ತರ ದಶಕದಲ್ಲಿ ಪ್ರೈಮರಿ ಶಾಲೆ ಕಲಿತ ನಮ್ಮವರಿಗೆ ಕೇರ್ ಸಂಸ್ಥೆಯ ಉಪ್ಪಿಟ್ಟು ಗೊತ್ತು. ಅದರ ಪರಿಮಳಕ್ಕೆ ಮೂರನೆಯ ಪೀರಿಯಡ್ಡಿನಿಂದಲೇ ಮಗ್ಗಿ ತಪ್ಪುತ್ತಿತ್ತು. ಅಮೆರಿಕದಿಂದ ಬಂದ ಚೀಲಗಳ ಮೇಲೆ ಎರಡು ಕೈ ಕುಲುಕುವ ಚಿತ್ರವಿರುತ್ತಿತ್ತು. ಈ ಕೈ ಯಾರದು ಎಂದು ಮೇಷ್ಟ್ರನ್ನು ಕೇಳಿದ್ದೆ. ಅಮೆರಿಕದವರದು ಎಂದರು. ಇನ್ನೊಂದು? ನಿನ್ನದೇ ಎಂದರು. ಎಷ್ಟೋ ದಿನ ನನ್ನ ಅಂಗೈಯನ್ನೇ ನೋಡಿಕೊಂಡಿದ್ದೆ.

ಆ ಚೀಲದ ಹಿಂದೆ ಎಷ್ಟು ದೊಡ್ಡ ಜಗಳವಿತ್ತು ಎಂದು ತಿಳಿದದ್ದು ಬಹಳ ತಡವಾಗಿ. ಮಹಾಯುದ್ಧ ಮುಗಿದು ಎರಡು ವರ್ಷವಾಗಿರಲಿಲ್ಲ. 1947ರ ಮಾರ್ಚಿನಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಗ್ರೀಸ್ ಮತ್ತು ಟರ್ಕಿಗೆಂದು ತಮ್ಮ ಸಂಸತ್ತಿನ ಮುಂದೆ 40 ಕೋಟಿ ಡಾಲರ್ ಕೇಳಿದರು. ಜೂನ್ ತಿಂಗಳಲ್ಲಿ ಅವರ ವಿದೇಶಾಂಗ ಸಚಿವ ಮಾರ್ಷಲ್ ಯುರೋಪಿಗೆ ನೆರವಿನ ಯೋಜನೆ ಸಾರಿದರು. ಹಸಿದ ಮನೆಗೆ ಕಮ್ಯುನಿಸಂ ಬೇಗ ಹೊಗುತ್ತದೆ ಎಂಬುದು ಅವರ ಲೆಕ್ಕ. ರಷ್ಯದ ಸ್ಟಾಲಿನ್ ತಾವೂ ಒಲ್ಲೆ ಎಂದರು, ಬರಲು ಮನಸ್ಸು ಮಾಡಿದ್ದ ಜೆಕೊಸ್ಲೊವಾಕಿಯವನ್ನೂ ಹಿಂದಕ್ಕೆಳೆದರು. ಅಲ್ಲಿಂದ ಮುಂದೆ ಗೋಧಿ, ಉಕ್ಕು, ಔಷಧ ಎಲ್ಲಕ್ಕೂ ಒಂದೊಂದು ಬಣ್ಣ. ನಮ್ಮ ದೇಶ ಅಮೆರಿಕದ ಗೋಧಿಯನ್ನೂ ತಿಂದಿತು, ರಷ್ಯದ ನೆರವಿನಿಂದ ಭಿಲಾಯಿಯಲ್ಲಿ ಉಕ್ಕನ್ನೂ ಕಾಯಿಸಿತು. ಅದು ಸರಿಯಾದ ದಾರಿಯೇ ಎಂದು ನನ್ನ ಗಟ್ಟಿ ನಂಬಿಕೆ.

ಒಮಾನಿಗೆ ಆಗ ಯಾರ ಚೀಲವೂ ಬರಲಿಲ್ಲ. ಹಾಗೆ ನೋಡಿದರೆ ಅದಕ್ಕೂ ಹಿಂದೆ, ಕೆಳದಿಯ ನಾಯಕರ ಕಾಲದಲ್ಲಿ, ಮಸ್ಕತ್ತಿನ ಒಲೆಯ ಮೇಲೆ ಬೇಯುತ್ತಿದ್ದದ್ದು ನಮ್ಮ ಕರಾವಳಿಯ ಅಕ್ಕಿ. ಟಿಪ್ಪು ಅಲ್ಲೊಂದು ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ನಮ್ಮ ರೂಪಾಯಿಯೂ ಅಲ್ಲಿ 1970ರವರೆಗೆ ಚಲಾವಣೆಯಲ್ಲಿತ್ತು. ರಿಸರ್ವ್ ಬ್ಯಾಂಕು 1959ರಲ್ಲಿ ಕೊಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕಿಸಿತ್ತು. ಅಲ್ಲಿನ ಆಗಿನ ಸುಲ್ತಾನ್ ಸಯೀದ್ ಬಿನ್ ತೈಮೂರ್ ಓದಿದ್ದು ನಮ್ಮ ಅಜ್ಮೀರದ ಮೇಯೊ ಕಾಲೇಜಿನಲ್ಲಿ. ಸಾಲಕ್ಕೆ ಹೆದರುವ, ಹೊಸದಕ್ಕೆ ಇನ್ನೂ ಹೆದರುವ ಅರಸ. 1967ರಲ್ಲಿ ಎಣ್ಣೆ ಹಡಗೇರಿದ ಮೇಲೂ ಕೈ ಬಿಚ್ಚಲಿಲ್ಲ. 1970ರಲ್ಲಿ ದೇಶಕ್ಕೆಲ್ಲ ಮೂರು ಶಾಲೆ, ಹತ್ತು ಕಿಲೋಮೀಟರ್ ಡಾಂಬರು ರಸ್ತೆ. ಕತ್ತಲಾದರೆ ಮಸ್ಕತ್ತಿನ ಕೋಟೆಬಾಗಿಲು ಮುಚ್ಚುತ್ತಿತ್ತು, ಬೀದಿಗಿಳಿದವರ ಕೈಯಲ್ಲಿ ಲಾಂದ್ರ ಇರಲೇಬೇಕು.

ಕೆಲಸ ಹುಡುಕಿ ಕುವೈತ್, ಬಹರೇನ್ ಎಂದು ಹೋದ ದೋಫಾರಿಗಳು ಬೇರೆಯದೇ ಲೋಕ ಕಂಡು ಬಂದರು. 1965ರಲ್ಲಿ ಬೆಟ್ಟದಲ್ಲಿ ದಂಗೆ ಎದ್ದಿತು. ಎರಡು ವರ್ಷಕ್ಕೆ ಬ್ರಿಟಿಷರು ಏಡನ್ ಬಿಟ್ಟರು. ಗಡಿಯಾಚೆ ದಕ್ಷಿಣ ಯೆಮನ್ ಕೆಂಪಾಯಿತು, 1968ರ ಹೊತ್ತಿಗೆ ದಂಗೆಯೂ ಕೆಂಪಾಯಿತು. ಚೀನಾ, ರಷ್ಯದ ಬಂದೂಕು ಒಂದು ಕಡೆಗೆ. ಬ್ರಿಟಿಷ್ ಅಧಿಕಾರಿಗಳು, ಇರಾನಿನ ಶಾ ಕಳಿಸಿದ ಸೈನ್ಯ, ಜೋರ್ಡಾನಿನವರು ಇನ್ನೊಂದು ಕಡೆಗೆ. ದನ ಕಾಯುವ ಹುಡುಗರು ನಡುವೆ. ಬರ್ಲಿನ್ನಿನ ಗೋಡೆಯ ಬಗ್ಗೆ ಎಷ್ಟೆಲ್ಲ ಓದುತ್ತೇವೆ; ಈ ಹುಡುಗರ ಸುದ್ದಿ ಓದಿದವರು ನಮ್ಮಲ್ಲಿ ಎಷ್ಟು ಮಂದಿ?

1970ರ ಜುಲೈ 23ರಂದು ಸುಲ್ತಾನ್ ಸಯೀದರ ಮಗ ಕಾಬೂಸ್ ತಂದೆಯನ್ನು ಇಳಿಸಿ ಪಟ್ಟಕ್ಕೆ ಬಂದರು. ಶರಣಾದವರಿಗೆ ಕ್ಷಮೆ ಎಂದರು. ಸೇನೆ ಒಂದು ಜಾಗ ಹಿಡಿದ ಕೂಡಲೇ ಹಿಂದೆಯೇ ಬಾವಿ ಕೊರೆಯುವ ಯಂತ್ರ ಬೆಟ್ಟ ಹತ್ತುತ್ತಿತ್ತು. ನೀರು ಬಂದರೆ ದನ ಬರುತ್ತದೆ, ದನದ ಹಿಂದೆ ಮನೆಮಂದಿ. ಆಮೇಲೆ ಅಲ್ಲೇ ಒಂದು ದವಾಖಾನೆ, ಒಂದು ಅಂಗಡಿ, ಒಂದು ಶಾಲೆ, ಒಂದು ಮಸೀದಿ. ದನಕ್ಕೂ ವೈದ್ಯರು ಬಂದರು. ಬೆಟ್ಟದವರ ಬದುಕೆಲ್ಲ ದನದ ಮೇಲೆ ನಿಂತಿದೆ ಎಂದು ಯಾರೋ ಕಣ್ಣಿಟ್ಟು ನೋಡಿದ್ದರು. ಬಂದೂಕಿನ ಪಾಲನ್ನು ನಾನು ಮರೆಮಾಚುವುದಿಲ್ಲ. ಗಡಿಯ ತಂತಿಬೇಲಿ, ವಿಮಾನ, ಸತ್ತ ಎರಡೂ ಕಡೆಯ ಮಕ್ಕಳು ಎಲ್ಲವೂ ಲೆಕ್ಕದಲ್ಲಿವೆ. 1973ರ ಎಣ್ಣೆಯ ಬೆಲೆಯೇರಿಕೆ ಬೊಕ್ಕಸ ತುಂಬಿಸಿದ್ದೂ ಹೌದು. 1975ರ ಡಿಸೆಂಬರಿನಲ್ಲಿ ಯುದ್ಧ ಮುಗಿಯಿತೆಂದು ಕಾಬೂಸ್ ಸಾರಿದರು. ಆದರೆ ಅಷ್ಟೂ ನೆರವಿನಲ್ಲಿ ಆ ಬಾವಿಯೇ ದೊಡ್ಡದು ಎಂದು ನಾನು ಹೇಳುತ್ತೇನೆ. ಮಾರ್ಷಲ್ ಯೋಜನೆಯ 1,300 ಕೋಟಿ ಡಾಲರಿನ ಪಕ್ಕದಲ್ಲಿ ಇಟ್ಟು ನೋಡಿದರೂ.

ಆಮೇಲಿನದು ಇನ್ನೂ ಚೆಂದ. ಒಮಾನ್ 1978ರಲ್ಲಿ ಚೀನಾದೊಡನೆ, 1985ರಲ್ಲಿ ರಷ್ಯದೊಡನೆ ರಾಯಭಾರ ಸಂಬಂಧ ಬೆಳೆಸಿತು. ನಡುವೆ 1980ರಲ್ಲಿ ಅಮೆರಿಕಕ್ಕೆ ತನ್ನ ವಿಮಾನ ನೆಲೆಗಳ ಬಳಕೆಗೆ ಒಪ್ಪಿಗೆ ಕೊಟ್ಟಿತು. ಇರಾನಿನೊಡನೆ ಮಾತು ಬಿಡಲೇ ಇಲ್ಲ. ದೋಫಾರದ ದಂಗೆಯವರ ಕಡೆಗಿದ್ದ ಯೂಸುಫ್ ಬಿನ್ ಅಲವಿ ಮುಂದೆ ಅದೇ ಸುಲ್ತಾನರ ವಿದೇಶಾಂಗ ಸಚಿವರಾಗಿ 2020ರವರೆಗೆ ದೇಶದ ಪರವಾಗಿ ಲೋಕದೊಡನೆ ಮಾತಾಡಿದರು.

ಮಸ್ಕತ್ತಿನಲ್ಲಿ ನಿಮ್ಮ ಮಗನೋ ಮಗಳೋ ಇದ್ದರೆ, ಬರುವ ಆಗಸ್ಟಿನಲ್ಲಿ ಸಲಾಲಾಕ್ಕೆ ಕರೆದುಕೊಂಡು ಹೋಗಲು ಹೇಳಿ. ಬೊಂಡ ಕುಡಿದು ಬೆಟ್ಟ ಹತ್ತಿ. ಮೇಲೆ ಹೋದ ಮೇಲೆ, ಇಲ್ಲಿ ಹಳೆಯ ಬಾವಿ ಎಲ್ಲಿದೆ ಎಂದು ದನ ಕಾಯುವವರನ್ನು ತಪ್ಪದೆ ಕೇಳಿ.