ಇಳಿನೀರಿನ ಮೀನು

ಆಸ್ಟ್ರೇಲಿಯಾ ಎಂದೊಡನೆ ನಮ್ಮವರ ಕಣ್ಣಮುಂದೆ ಸುಳಿಯುವುದು ಸಿಡ್ನಿಯ ಸೇತುವೆ, ಕಾಂಗರೂ ಮತ್ತು ಕ್ರಿಕೆಟ್ ಮೈದಾನ. ಆ ಖಂಡದ ಉತ್ತರದಂಚಿನಲ್ಲಿ ನಮ್ಮ ಕರಾವಳಿಯಂತೆಯೇ ಮಾನ್ಸೂನ್ ಮಳೆ ಸುರಿಯುವ, ಅಳಿವೆಗಳಲ್ಲಿ ಕಾಂಡ್ಲಾ ಕಾಡು ಬೆಳೆಯುವ ನಾಡೊಂದಿದೆ. 2018ರ ಮಾರ್ಚ್ ಕೊನೆಯಲ್ಲಿ ಮಗಳ ಮನೆಗೆಂದು ನಾನು ಡಾರ್ವಿನ್ ನಗರಕ್ಕೆ ಹೋದೆ. ಆ ತಿಂಗಳ 17ರಂದು ಮಾರ್ಕಸ್ ಚಂಡಮಾರುತ ಬೀಸಿಹೋಗಿತ್ತು. ರಸ್ತೆಬದಿಯ ಆಫ್ರಿಕನ್ ಮಹಾಗನಿ ಮರಗಳು ಬೇರುಸಹಿತ ಮಗುಚಿ ಬಿದ್ದಿದ್ದವು. ಊರವರಾದರೋ ಮರಗಳ ಮಾತನ್ನು ಎರಡೇ ವಾಕ್ಯಗಳಲ್ಲಿ ಮುಗಿಸಿ, ನದಿಗಳಲ್ಲಿ ನೀರು ಎಷ್ಟು ಇಳಿದಿದೆ ಎಂದು ಪರಸ್ಪರ ವಿಚಾರಿಸಿಕೊಳ್ಳುತ್ತಿದ್ದರು.

ಈ ಕುತೂಹಲಕ್ಕೆ ಕಾರಣ ಬಾರಮಂಡಿ ಎಂಬ ಮೀನು. ಹೆಸರು ಹೊಸದೆನಿಸಿದರೂ ಮೀನು ನಮಗೆ ಹೊಸದಲ್ಲ. ಬಂಗಾಳಿಗಳ ಭೆಟ್ಕಿ, ಮಲಯಾಳಿಗಳ ಕಾಳಾಂಜಿ, ನಮ್ಮ ಕಡೆಯ ಕೊಂಕಣಿಗರ ಚೊಣಕ್ ಎಲ್ಲವೂ ಇದೇ. ಅಘನಾಶಿನಿಯ ದಂಡೆಯಲ್ಲಿ ಬೆಳೆದ ನನಗೆ ಹನ್ನೆರಡು ಗಂಟೆಗೂ ಮಿಕ್ಕಿದ ಪ್ರಯಾಣದ ತರುವಾಯ ಪರಿಚಿತ ಮುಖವೊಂದನ್ನು ಕಂಡಂತಾಯಿತು.

ಡಿಸೆಂಬರಿನಿಂದ ಮಾರ್ಚಿನವರೆಗೆ ಅಲ್ಲಿ ಮಳೆಗಾಲ. ನದಿಗಳು ದಡ ಮೀರಿ, ಬಯಲೆಲ್ಲ ಸರೋವರವಾಗುತ್ತದೆ. ಅಳಿವೆಯ ಉಪ್ಪುನೀರಿನಲ್ಲಿ ಹುಟ್ಟಿದ ಬಾರಮಂಡಿಯ ಮರಿಗಳು ಆ ಹೊಸನೀರಿಗೆ ನುಗ್ಗಿ ಮೇಯುತ್ತವೆ. ಮಳೆ ಹಿಂದೆಗೆದಾಗ, ಅಂದರೆ ಮಾರ್ಚಿನಿಂದ ಮೇವರೆಗೆ, ಬಯಲಿನ ನೀರು ನೂರಾರು ಹಳ್ಳಗಳ ಮೂಲಕ ಮರಳಿ ನದಿಗಿಳಿಯುತ್ತದೆ. ಅದರೊಡನೆ ಸೀಗಡಿ, ಚಿಕ್ಕಮೀನುಗಳೂ ಕೊಚ್ಚಿಬರುತ್ತವೆ. ಹಳ್ಳದ ತಿಳಿನೀರು ನದಿಯ ಕೆಸರುನೀರನ್ನು ಸಂಧಿಸುವೆಡೆ ಬಣ್ಣದ ಗೆರೆಯೊಂದು ಕಾಣುತ್ತದೆ. ದೊಡ್ಡ ಮೀನು ಬಾಯ್ದೆರೆದು ಕಾದಿರುವುದು ಆ ಗೆರೆಯಲ್ಲಿ. ನಮ್ಮ ಮಲೆನಾಡಿನ ಹತ್ಮೀನು ಮೊದಲ ಮಳೆಗೆ ಗದ್ದೆ ಹತ್ತಿ ಬರುವಾಗ ಸಿಕ್ಕಿಬೀಳುತ್ತದೆ. ಅಲ್ಲಿಯದು ಕೊನೆಯ ಮಳೆಯ ಇಳಿನೀರಿಗೆ ಕಾದು ಸಿಕ್ಕಿಬೀಳುತ್ತದೆ. ಕಾಕಡು ಪ್ರದೇಶದ ಮೂಲನಿವಾಸಿಗಳು ವರ್ಷವನ್ನು ಆರು ಋತುಗಳಾಗಿ ಎಣಿಸುತ್ತಾರೆ. ನಮ್ಮಲ್ಲಿಯೂ ಆರೇ ಅಲ್ಲವೆ!

ಆದರೆ ಈ ಗಾಳದವರಲ್ಲಿ ಬಹುಪಾಲು ಜನರು ಹಿಡಿಯುವುದು ತಿನ್ನುವುದಕ್ಕಲ್ಲ. ಹಿಡಿದು, ಅಳೆದು, ಚಿತ್ರ ತೆಗೆದು ನೀರಿಗೆ ಬಿಡುತ್ತಾರೆ. ಒಂದು ಮೀಟರು ದಾಟಿದ ಮೀನು ಹಿಡಿದವನಿಗೆ ಊರಿನಲ್ಲಿ ಒಂದು ಪದವಿಯೇ ದೊರೆತಂತೆ. ಮೀನೆಂದರೆ ಅನ್ನದ ಜೊತೆಗಿನ ಪದಾರ್ಥ ಎಂದೇ ತಿಳಿದು ಬೆಳೆದ ನನಗೆ ಇದು ಒಗ್ಗಲಿಲ್ಲ. ಹಸಿವಿಲ್ಲದವನು ಇನ್ನೊಂದು ಜೀವದ ಬಾಯಿಗೆ ಕೊಕ್ಕೆ ಸಿಕ್ಕಿಸಿ ಎಳೆದಾಡುವುದರಲ್ಲಿ ಯಾವ ಶೌರ್ಯವಿದೆಯೋ ನಾನರಿಯೆ. ಅದರ ಮೇಲೆ 2015ರಲ್ಲಿ ಆರಂಭವಾದ ಸ್ಪರ್ಧೆಯೊಂದರಲ್ಲಿ ಗುರುತುಚೀಟಿ ಸಿಕ್ಕಿಸಿದ ಮೀನುಗಳನ್ನು ನದಿಗೆ ಬಿಟ್ಟು, ಹಿಡಿದವರಿಗೆ ಹಣ ಕೊಡುವ ಪದ್ಧತಿಯಿದೆ. 2024ರಲ್ಲಿ ಕ್ಯಾಥರಿನ್ ಊರಿನ ಹತ್ತೊಂಬತ್ತರ ಯುವಕನೊಬ್ಬನಿಗೆ ಹತ್ತು ಲಕ್ಷ ಡಾಲರಿನ ಮೀನೇ ದೊರಕಿತು. ಹುಡುಗನ ಭಾಗ್ಯಕ್ಕೆ ನನ್ನ ಹೊಟ್ಟೆಕಿಚ್ಚಿಲ್ಲ, ಆದರೆ ಮೀನಿನ ಬೆನ್ನಿಗೆ ಲಾಟರಿ ಟಿಕೆಟ್ಟು ಕಟ್ಟುವುದು ನನಗೆ ಸರಿಬೀಳದು.

ಆಟವಾಡುವ ನೀರು ಯಾರದ್ದು ಎಂಬುದೂ ಒಂದು ಪ್ರಶ್ನೆ. 1996ರಲ್ಲಿ ಬ್ಲೂ ಮಡ್ ಬೇ ಎಂಬ ಕೊಲ್ಲಿಯ ಬಳಿ, ಯೊಲ್ಂಗು ಜನರ ಪವಿತ್ರಸ್ಥಳದಲ್ಲಿ, ಅಕ್ರಮವಾಗಿ ಬಾರಮಂಡಿ ಹಿಡಿಯುವವರ ಬಿಡಾರವೊಂದು ಪತ್ತೆಯಾಯಿತು. ಅಲ್ಲಿ ಕತ್ತರಿಸಿದ ಮೊಸಳೆಯ ತಲೆ ಬಿದ್ದಿತ್ತು. ಅವರಿಗೆ ಮೊಸಳೆ ಪೂರ್ವಜನ ರೂಪ. ನೊಂದ ಹಿರಿಯರು ಕಲ್ಲು ತೂರಲಿಲ್ಲ. 47 ಕಲಾವಿದರು ಸೇರಿ 80 ತೊಗಟೆಚಿತ್ರಗಳನ್ನು ಬರೆದು, ಈ ಸಮುದ್ರ ಹೇಗೆ ತಮ್ಮದೆಂಬುದನ್ನು ಗೆರೆಗಳಲ್ಲಿ ನಿರೂಪಿಸಿದರು. 2008ರ ಜುಲೈನಲ್ಲಿ ಆಸ್ಟ್ರೇಲಿಯಾದ ಉಚ್ಚ ನ್ಯಾಯಾಲಯವು, ಮೂಲನಿವಾಸಿಗಳ ನೆಲದ ಮೇಲೆ ಉಬ್ಬರ ಬಂದು ನಿಲ್ಲುವ ನೀರಿಗೆ ಅವರ ಅಪ್ಪಣೆಯಿಲ್ಲದೆ ಯಾರೂ ಕಾಲಿಡುವಂತಿಲ್ಲವೆಂದು ತೀರ್ಪಿತ್ತಿತು. ಉತ್ತರ ಪ್ರಾಂತ್ಯದ ಕರಾವಳಿಯ ಬಹುಭಾಗ ಈ ತೀರ್ಪಿಗೆ ಒಳಪಡುತ್ತದೆ. ಶಾಲೆಯಲ್ಲಿ ಚಿತ್ರಕಲೆಯ ಪೀರಿಯಡ್ಡನ್ನು ಗಣಿತಕ್ಕೆ ಕೊಡಿರೆಂದು ಪೀಡಿಸುತ್ತಿದ್ದ ಹಲವು ಮುಖ್ಯೋಪಾಧ್ಯಾಯರು ನನಗೆ ಆಗ ನೆನಪಾದರು.

ಏಪ್ರಿಲ್ ನಡುವಿನಲ್ಲಿ ನೆರೆಮನೆಯ ನಿವೃತ್ತ ಲಾರಿಚಾಲಕರೊಬ್ಬರು ನನ್ನನ್ನೂ ಹನ್ನೊಂದು ವರ್ಷದ ಮೊಮ್ಮಗನನ್ನೂ ತಮ್ಮ ಅಲ್ಯುಮಿನಿಯಂ ದೋಣಿಯಲ್ಲಿ ಮೇರಿ ನದಿಗೆ ಕರೆದೊಯ್ದರು. ಶೇಡಿ ಕ್ಯಾಂಪ್ ಎಂಬಲ್ಲಿ ಉಪ್ಪುನೀರು ಮೇಲಕ್ಕೆ ನುಗ್ಗದಂತೆ ನದಿಗೆ ಅಡ್ಡಲಾಗಿ ಒಡ್ಡು ಕಟ್ಟಿದ್ದಾರೆ. ನಮ್ಮ ಗಜನಿ ಗದ್ದೆಗಳ ಒಡ್ಡಿಗೂ ಇದೇ ಕೆಲಸ. ದಂಡೆಯ ಕೆಸರಿನಲ್ಲಿ ಮೊಸಳೆಗಳು ಕೊರಡಿನಂತೆ ಮಲಗಿದ್ದವು. 1971ರಿಂದ ಅವುಗಳಿಗೆ ಅಲ್ಲಿ ರಕ್ಷಣೆಯಿದೆ. ದೋಣಿಯಿಂದ ಕೈ ಹೊರಚಾಚಬೇಡವೆಂದು ಮುದುಕರು ಮೊಮ್ಮಗನಿಗೆ ಹೇಳಿದ್ದು ಎಷ್ಟು ಸಲವೋ ಲೆಕ್ಕವಿಲ್ಲ.

ಇಳಿತ ಆರಂಭವಾಗಿತ್ತು. ಹಳ್ಳದ ಬಾಯಿಗೆ ಹುಸಿಮೀನಿನ ಗಾಳವನ್ನು ಎಸೆದು ಎಳೆಯುವುದು, ಮತ್ತೆ ಎಸೆಯುವುದು. ಮೊದಲಿಗೆ ಮುದುಕರಿಗೆ 61 ಸೆಂಟಿಮೀಟರಿನದೊಂದು ದೊರೆಯಿತು. ಅಲ್ಲಿ 55 ಸೆಂಟಿಮೀಟರಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. ಇದು ಮನೆಗಾಯಿತೆಂದು ಮಂಜುಗಡ್ಡೆಯ ಪೆಟ್ಟಿಗೆಗೆ ಹಾಕಿದರು. ಹತ್ತು ಗಂಟೆಯ ಹೊತ್ತಿಗೆ ಮೊಮ್ಮಗನ ಗಾಳದ ಬಳಿ ಬುಡುಕ್ಕೆಂದು ಸದ್ದಾಯಿತು. ಮರುಕ್ಷಣ ಬೆಳ್ಳಿಯ ಹಲಗೆಯಂಥ ಮೀನು ನೀರಿನಿಂದ ನೆಗೆದು ತಲೆ ಒದರಿತು. ಹುಡುಗನ ಕೈ ನಡುಗುತ್ತಿತ್ತು, ನನ್ನದೂ. ಬಲೆಚೀಲಕ್ಕೆ ಬಂದ ಮೇಲೆ ಅಳೆದರೆ 93 ಸೆಂಟಿಮೀಟರು.

"ಅಜ್ಜಾ, ಅಮ್ಮನಿಗೆ ತೋರಿಸೋಣ. ಇದನ್ನು ಒಯ್ಯೋಣ" ಎಂದ. ಕಾನೂನಿನ ಅಡ್ಡಿಯಿರಲಿಲ್ಲ. ಕ್ವೀನ್ಸ್‌ಲ್ಯಾಂಡಿನಲ್ಲಿ 120 ಸೆಂಟಿಮೀಟರು ಮೀರಿದ್ದನ್ನು ಬಿಡಲೇಬೇಕು, ಮೊಟ್ಟೆಯಿಡುವ ತಿಂಗಳುಗಳಲ್ಲಿ ಹಿಡಿಯುವಂತೆಯೇ ಇಲ್ಲ. ನಮ್ಮಲ್ಲಿ ಜೂನ್, ಜುಲೈ ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಂತೆ. ಮುದುಕರು ಏನೂ ಹೇಳದೆ ನನ್ನತ್ತ ನೋಡಿದರು. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಹೇಳಿದವನು ನಾನು, ಆದ್ದರಿಂದ ಅವನಿಗೆ ವಿವರಿಸುವ ಭಾರ ನನ್ನ ಮೇಲೆ ಬಿತ್ತು. ಈ ಮೀನು ಮೊದಲು ಗಂಡಾಗಿ ಬೆಳೆಯುತ್ತದೆ, ಐದಾರು ವರ್ಷಗಳಾದ ಮೇಲೆ ಹೆಣ್ಣಾಗಿ ಮಾರ್ಪಡುತ್ತದೆ. ಆದ್ದರಿಂದ ದೊಡ್ಡವುಗಳೆಲ್ಲ ಬಹುಮಟ್ಟಿಗೆ ತಾಯಂದಿರು. ಒಂದೊಂದು ಕೋಟಿಗಟ್ಟಲೆ ಮೊಟ್ಟೆಯಿಡಬಲ್ಲದು. ಪೆಟ್ಟಿಗೆಯಲ್ಲಿರುವುದು ಗಂಡು, ನಿನ್ನ ಕೈಯಲ್ಲಿರುವುದು ಪ್ರಾಯಶಃ ಹೆಣ್ಣು.

"ಹಾಗಾದರೆ ಹಿಡಿದದ್ದೇಕೆ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಕಣ್ಣು ತುಂಬಿಕೊಂಡೇ, ಮುದುಕರ ನೆರವಿನಿಂದ ಮೀನನ್ನು ಬಲೆಚೀಲದೊಳಗೇ ನೀರಿಗಿಳಿಸಿದ. ಕಿವಿರು ನಿಧಾನವಾಗಿ ಆಡತೊಡಗಿತು. ಚೀಲವನ್ನು ಓರೆ ಮಾಡಿದೊಡನೆ ಬಾಲದಿಂದ ಒಮ್ಮೆ ನೀರೆರಚಿ ಕೆಸರುನೀರಿನಲ್ಲಿ ಮರೆಯಾಯಿತು. ಮರಳುವ ದಾರಿಯುದ್ದಕ್ಕೂ ಹುಡುಗ ಮಾತನಾಡಲಿಲ್ಲ.

ಆ ರಾತ್ರಿ ಮಗಳು ಗಂಡುಮೀನಿಗೆ ಕಾಯಿ, ಒಣಮೆಣಸು, ಹುಣಿಸೆ ಅರೆದು ನಮ್ಮೂರ ಸಾರು ಮಾಡಿದಳು. ಮೊಮ್ಮಗ ಅನ್ನಕ್ಕೆ ಸಾರನ್ನಷ್ಟೇ ಹಾಕಿಸಿಕೊಂಡು, ಹೋಳು ಮುಟ್ಟದೆ ಎದ್ದ. ಬೆಳಿಗ್ಗೆ ಮಾತ್ರ, ಉಳಿದ ಸಾರಿನಲ್ಲಿ ಹೋಳಿದೆಯೇ ಎಂದು ತಾನೇ ಕೇಳಿ ತಿಂದ.