ಕೆಂಪು ವಯರು ಪ್ಲಸ್ ಅಲ್ಲ

ಪತ್ರಿಕೋದ್ಯಮದ ಮೊದಲ ವಾರದಲ್ಲೇ ನಮಗೆ ಹೇಳಿಕೊಟ್ಟದ್ದು ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಫೇಸ್ ಯಾವುದು, ನ್ಯೂಟ್ರಲ್ ಯಾವುದು ಅಂತ ಯಾರೂ ಹೇಳಿಕೊಡಲಿಲ್ಲ. ಹಾಗಾಗಿ ನಾನು ಡ್ರಿಲ್ ಹಿಡಿದು ತಗಡಿನ ಪೆಟ್ಟಿಗೆಗೆ ತೂತು ಕೊರೆಯುತ್ತಿರುವ ಫೋಟೋವನ್ನು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಹಾಕಿದಾಗ ನಗುವ ಮುಖಗಳು ಸಾಲಾಗಿ ಬಿದ್ದವು. "ಪೆನ್ನು ಬಿಟ್ಟು ಪ್ಲೈಯರ್ ಹಿಡಿದಳು" ಅಂತ ಒಬ್ಬ ಶೀರ್ಷಿಕೆಯನ್ನೂ ಕೊಟ್ಟ. ಅವತ್ತು ನಕ್ಕೆ. ಆದರೆ ಆ ತೂತಿನ ಹಿಂದೆ ಒಂದು ಕತೆ ಉಂಟು. ಅದನ್ನು ಹೇಳದಿದ್ದರೆ ಆಗುವುದಿಲ್ಲ.

ನನ್ನ ಚಿಕ್ಕಮ್ಮ ಹತ್ತೊಂಬತ್ತು ವರ್ಷ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದವರು. ಬೀಜ ಒಡೆಯುವಾಗ ಚಿಪ್ಪಿನಿಂದ ಸಿಡಿಯುವ ಎಣ್ಣೆ ಕೈಯ ಚರ್ಮವನ್ನು ಸುಡುತ್ತದೆ. ಅವರ ಬೆರಳುಗಳ ತುದಿ ಈಗಲೂ ಕಪ್ಪು. ಆಮೇಲೆ ಸ್ವಸಹಾಯ ಸಂಘದ ಸಾಲ, ಬ್ಯಾಂಕಿನ ಸಾಲ, ಕಿವಿಯ ಓಲೆ ಎಲ್ಲ ಸೇರಿಸಿ ಮನೆಯ ಪಕ್ಕದ ಕೊಟ್ಟಿಗೆಯಲ್ಲೇ ಒಂದು ಸಣ್ಣ ಘಟಕ ಶುರು ಮಾಡಿದರು. ಬೀಜ ಬೇಯಿಸಲು ಒಂದು ಕುಕ್ಕರ್, ಒಡೆಯಲು ನಾಲ್ಕು ಕೈಯಂತ್ರ, ಒಣಗಿಸಲು ಒಂದು ಕರೆಂಟಿನ ಡ್ರೈಯರ್. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆ ಬೋರ್ಮಾ ಅನ್ನುತ್ತಾರೆ. ಚಿಕ್ಕಮ್ಮ ತಮ್ಮ ಆಳೆತ್ತರದ ಪೆಟ್ಟಿಗೆಗೂ ಬೋರ್ಮಾ ಎಂದೇ ಹೇಳುವುದು.

ಗೇರುಬೀಜದಲ್ಲಿ ದುಡ್ಡು ಬರುವುದೂ ಹೋಗುವುದೂ ಈ ಬೋರ್ಮಾದಲ್ಲಿ. ಒಡೆದು ತೆಗೆದ ತಿರುಳಿನ ಮೇಲೆ ಕೆಂಪು ಒಳಸಿಪ್ಪೆ ಅಂಟಿಕೊಂಡಿರುತ್ತದೆ. ಸುಮಾರು 70 ಡಿಗ್ರಿ ಬಿಸಿಗಾಳಿಯಲ್ಲಿ ಆರರಿಂದ ಎಂಟು ಗಂಟೆ ಇಟ್ಟರೆ ಅದು ಒಣಗಿ ತಿರುಳಿನಿಂದ ಬಿಟ್ಟುಕೊಳ್ಳುತ್ತದೆ. ಬಿಸಿ ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ, ಕೆರೆಯಲು ಹೋದರೆ ತಿರುಳಿಗೆ ಗಾಯ. ಜಾಸ್ತಿಯಾದರೆ ತಿರುಳು ಕಂದುತ್ತದೆ. ಬೆಳ್ಳಗಿನ ಇಡೀ ಬೀಜಕ್ಕೆ ಒಂದು ರೇಟು, ಕಂದಿದ್ದಕ್ಕೆ ಬೇರೆಯೇ ದರ್ಜೆ, ಬೇರೆಯೇ ರೇಟು. ತುಂಡಾದರೆ ಇನ್ನೂ ಕೆಳಗೆ.

ನಾನು ಕೆಲಸ ಮಾಡುತ್ತಿದ್ದ ಆವೃತ್ತಿ ನಿಂತುಹೋಗಿ ಊರಿಗೆ ಬಂದು ಎರಡು ತಿಂಗಳಾಗಿತ್ತು. ದೀಪಾವಳಿಗೆ ಮೂರು ವಾರ ಇರುವಾಗ ಒಂದು ದಿನ ಬೆಳಿಗ್ಗೆ ಐದೂವರೆಗೆ ಚಿಕ್ಕಮ್ಮನ ಫೋನು. "ಒಮ್ಮೆ ಬಾ" ಅಂದರು, ಅಷ್ಟೆ. ಹೋಗಿ ನೋಡಿದರೆ ಅಂಗಳದ ತುಂಬ ಸುಟ್ಟ ವಾಸನೆ. ಬೋರ್ಮಾದ ಹಳೆಯ ತಿರುಗಿಸುವ ಥರ್ಮೋಸ್ಟಾಟಿನ ಕಾಂಟಾಕ್ಟು ರಾತ್ರಿ ಅಂಟಿಕೊಂಡು ಹೀಟರ್ ಆರಲೇ ಇಲ್ಲ. 40 ಕೆ.ಜಿ. ಬೀಜ ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಚಿಕ್ಕಮ್ಮ ಅಳಲಿಲ್ಲ. ಒಂದೊಂದೇ ಟ್ರೇ ಹೊರಗೆ ತಂದು ಗೋಡೆಗೆ ಒರಗಿಸಿ ಇಡುತ್ತಿದ್ದರು. ಅದನ್ನು ನೋಡುವುದಕ್ಕಿಂತ ಅವರು ಅತ್ತಿದ್ದರೇ ಒಳ್ಳೆಯದಿತ್ತು ಅನಿಸಿತು.

ನಮ್ಮೂರಿನ ಎಲೆಕ್ಟ್ರಿಷಿಯನ್ ಅಣ್ಣ ಬಂದು ನೋಡಿ, "ಇದಕ್ಕೆ ಸರಿಯಾದ ಕಂಟ್ರೋಲರ್ ಹಾಕುವ" ಅಂದರು. ಆದರೆ ಅವರು ಹಿಂದಿನ ವಾರ ಬೈಕಿನಿಂದ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಪೇಟೆಯಿಂದ ಬೇರೆಯವರನ್ನು ಕರೆಸಲು ಹಬ್ಬದ ಸಮಯದಲ್ಲಿ ಯಾರೂ ಸಿಗಲಿಲ್ಲ. "ನಾನು ಕುರ್ಚಿಯಲ್ಲಿ ಕೂತು ಹೇಳ್ತೇನೆ, ನೀನು ಮಾಡು ಮಾರಾಯ್ತಿ. ಓದಿದವಳಲ್ವಾ" ಅಂದರು. ಹಾಗೆ ನಾನು ಹಿಡಿದದ್ದು ಡ್ರಿಲ್ಲು.

ಕಂಟ್ರೋಲರ್ ನೋಡಲು ಚೌಕದ ಸಣ್ಣ ಡಬ್ಬಿ. ಮುಖದ ಅಳತೆ 96×96 ಮಿಲಿಮೀಟರ್, ಅದು ಕೂರಲು ಪ್ಯಾನೆಲ್ಲಿನಲ್ಲಿ ಕತ್ತರಿಸಬೇಕಾದ ಕಿಂಡಿ 92×92. ನಾಲ್ಕು ಮೂಲೆಗೆ ತೂತು ಕೊರೆದು ಜಿಗ್‌ಸಾ ಬ್ಲೇಡಿನಲ್ಲಿ ಗೆರೆ ಹಿಡಿದು ಕತ್ತರಿಸಿ, ಅರದಿಂದ ಅಂಚು ಉಜ್ಜಿದೆ. ಒಳಗಿನ ಬೇರೆ ಸಾಮಾನಿನ ಮೇಲೆ ಮೊದಲೇ ಬಟ್ಟೆ ಮುಚ್ಚಿಸಿದ್ದರು ಅಣ್ಣ. "ಕಬ್ಬಿಣದ ಒಂದು ಚೂರು ಟರ್ಮಿನಲ್ ಮಧ್ಯ ಕೂತರೆ ಅದೇ ಶಾರ್ಟ್ ಮಾಡ್ತದೆ." ಡಬ್ಬಿಯನ್ನು ಮುಂದಿನಿಂದ ತೂರಿಸಿ, ಹಿಂದಿನಿಂದ ಎರಡು ಬದಿಯ ಕ್ಲಾಂಪಿನ ಸ್ಕ್ರೂ ಬಿಗಿ ಮಾಡುವುದು. ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಅಷ್ಟರ ಮಟ್ಟಿಗೆ ಎಲ್ಲ ಚೆನ್ನಾಗಿ ಆಯಿತು. ನಾನು ಫೋಟೋ ಹೊಡೆದದ್ದು ಆಗಲೇ.

ವಯರಿಂಗಿಗೆ ಬಂದಾಗ ಅಣ್ಣ ಒಂದು ನಿಯಮ ಹೇಳಿದರು: ಶಕ್ತಿಯ ವಯರು ಒಂದು ದಾರಿ, ಸುದ್ದಿಯ ವಯರು ಇನ್ನೊಂದು ದಾರಿ. ನಮ್ಮ ಹೀಟರ್ 3 ಕಿಲೋವ್ಯಾಟಿನದು. 230 ವೋಲ್ಟಿನಲ್ಲಿ ಅದು ಸುಮಾರು 13 ಆಂಪಿಯರ್ ಎಳೆಯುತ್ತದೆ. ಥರ್ಮೋಕಪಲ್ ಅನ್ನುವ ಸೆನ್ಸರ್ ಕಳಿಸುವುದು ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್, ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದ ನಲವತ್ತು ಪಾಲು. ಎರಡನ್ನೂ ಒಟ್ಟಿಗೆ ಕಟ್ಟಿದರೆ ಜಾತ್ರೆಯ ಮೈಕಿನ ಪಕ್ಕ ನಿಂತು ಗುಟ್ಟು ಹೇಳಿದ ಹಾಗೆ. ಸೆನ್ಸರ್ ವಯರು ಗಿಡ್ಡವಾಯಿತೆಂದು ಮನೆಯಲ್ಲಿದ್ದ ತಾಮ್ರದ ವಯರು ಸೇರಿಸಲು ಹೋದೆ. ಅದಕ್ಕೂ ತಡೆದರು. ಎರಡು ಬೇರೆ ಲೋಹಗಳು ಸೇರಿದಲ್ಲಿ ಬಿಸಿಯಿಂದ ವೋಲ್ಟೇಜು ಹುಟ್ಟುವುದೇ ಥರ್ಮೋಕಪಲ್ಲಿನ ಮರ್ಮ. 1821ರಲ್ಲಿ ಸೀಬೆಕ್ ಕಂಡ ವಿಚಾರ ಅದು. ನಡುವೆ ತಾಮ್ರ ತಂದರೆ ಆ ಜೋಡಣೆಯ ಜಾಗದ ಬಿಸಿಯೂ ಲೆಕ್ಕ ಕೆಡಿಸುತ್ತದೆ. ಅದಕ್ಕೆಂದೇ ಬೇರೆ ಕೇಬಲ್ ಉಂಟು, ಅದನ್ನೇ ತರಿಸಿದೆವು.

ಹೀಟರನ್ನು ಹೊತ್ತಿಸಿ ಆರಿಸುವುದು ಸಾಲಿಡ್ ಸ್ಟೇಟ್ ರಿಲೇ, ಬಾಯಲ್ಲಿ ಎಸ್‌ಎಸ್‌ಆರ್. ಕಂಟ್ರೋಲರಿನಿಂದ ಬರುವ ಸಣ್ಣ ಡಿ.ಸಿ. ಸಿಕ್ಕಿದಾಗ ಅದು ಹೀಟರಿನ ಫೇಸನ್ನು ಬಿಡುತ್ತದೆ. ಟಕ್ ಟಕ್ ಸದ್ದಿಲ್ಲ. ಆದರೆ ಮೈ ಬಿಸಿಯಾಗುತ್ತದೆ, ಆದ್ದರಿಂದ ಪೇಸ್ಟ್ ಹಚ್ಚಿ ಅಲ್ಯೂಮಿನಿಯಮ್ಮಿನ ಹೀಟ್‌ಸಿಂಕಿಗೆ ಕೂರಿಸಬೇಕು. ಅದು ಆರಿದೆ ಎಂದು ಹೀಟರಿನ ತುದಿ ಮುಟ್ಟಲೂ ಬಾರದು. ಆರಿದಾಗಲೂ ಸ್ವಲ್ಪ ಕರೆಂಟ್ ಸೋರುತ್ತದೆ, ಟೆಸ್ಟರ್ ಉರಿಯುತ್ತದೆ. ಎಂಸಿಬಿ ಇಳಿಸದೆ ಕೈ ಹಾಕಿದರೆ ಕೈ ಮುರಿಯುತ್ತೇನೆ ಎಂದು ಕೈ ಮುರಿದುಕೊಂಡವರು ಹೇಳಿದರು.

ಎರಡನೆಯ ದಿನ ಮಧ್ಯಾಹ್ನ ಅಣ್ಣ ಪ್ಲಾಸ್ಟರ್ ತೋರಿಸಲು ಆಸ್ಪತ್ರೆಗೆ ಹೋದರು. ಹೋಗುವಾಗ ಎರಡು ಮಾತು ಹೇಳಿದ್ದರು. ಒಂದು, ಸೆನ್ಸರಿನ ಎರಡು ವಯರು ಕೂರಿಸಿ ಇಡು, ನಾನು ಬಂದ ಮೇಲೆ ಆನ್ ಮಾಡುವ. ಇನ್ನೊಂದು, ಆ ಎರಡನೇ ಥರ್ಮೋಸ್ಟಾಟನ್ನೂ ಹಾಕದೆ ಬೀಜ ಇಡಬೇಡಿ. ಸೆನ್ಸರಿನಿಂದ ಹಳದಿ ಒಂದು, ಕೆಂಪು ಒಂದು ವಯರು ಹೊರಬಂದಿತ್ತು. ಕೆಂಪು ಅಂದರೆ ಪ್ಲಸ್ ಎಂದು ಟಾರ್ಚಿನ ಶೆಲ್ಲಿನ ಕಾಲದಿಂದ ಗೊತ್ತಿರುವ ವಿಷಯ. ಪ್ಲಸ್ಸಿಗೆ ಕೆಂಪು ಕೂರಿಸಿದೆ. ಆನ್ ಮಾಡಿದೆ. 29 ಎಂದು ಕೆಂಪು ಅಂಕೆ ಬೆಳಗಿತು. ಹೊರಗಿನ ಸೆಕೆಗೆ ಸರಿಯಾಗಿಯೇ ಇತ್ತು. ನನಗೆ ಆದ ಖುಷಿ ಮೊದಲ ಬೈಲೈನ್ ಬಂದಾಗಲೂ ಆಗಿರಲಿಲ್ಲ. ಆರ್ಡರಿಗೆ ಹೊತ್ತಾಗಿದೆ ಎಂದು ಚಿಕ್ಕಮ್ಮನಿಗೆ ನಾನೇ ಹೇಳಿದೆ, "ಒಂದು ಟ್ರೇ ಇಟ್ಟು ನೋಡುವ." ಸೆಟ್ ಪಾಯಿಂಟ್ 70 ಕೊಟ್ಟೆ.

ಅಂಕೆ 27ಕ್ಕೆ ಬಂತು. ಆಮೇಲೆ 20. ಆಮೇಲೆ 8. ಹೀಟರ್ ಹೊತ್ತಿಲ್ಲ ಅಂದುಕೊಂಡೆ. ಎಸ್‌ಎಸ್‌ಆರ್ ಮೇಲಿನ ಸಣ್ಣ ದೀಪ ಮಾತ್ರ ಬಿಡದೆ ಉರಿಯುತ್ತಿತ್ತು. ಕೈಪಿಡಿಯ ಪುಟ ತಿರುವುತ್ತಾ ಕೂತೆ. ತಲೆ ಎತ್ತಿದಾಗ ಮೈನಸ್ 9. ಕರಾವಳಿಯ ಮಧ್ಯಾಹ್ನದಲ್ಲಿ ಮೈನಸ್ 9! "ಚಿಕ್ಕಮ್ಮ, ಇದು ತಂಪಾಗ್ತಾ ಉಂಟು, ಹೀಟರೇ ಹಾಳಾಗಿರಬೇಕು" ಅಂದೆ. ಚಿಕ್ಕಮ್ಮ ಬೀಜ ಆರಿಸುವುದನ್ನು ಬಿಟ್ಟು ಎದ್ದು ಬಂದು ಬಾಗಿಲಿನ ತಗಡಿಗೆ ಅಂಗೈ ಒತ್ತಿದರು. ತಕ್ಷಣ ಕೈ ಹಿಂದೆಗೆದು, "ಒಳಗೆ ಎಪ್ಪತ್ತರ ಹತ್ತಿರ ಉಂಟು. ನಿನ್ನ ಮಿಶನ್ ಸುಳ್ಳು ಹೇಳ್ತದೆ" ಅಂತ ಎಂಸಿಬಿ ಇಳಿಸಿಬಿಟ್ಟರು.

ಅಣ್ಣ ಬಂದವರು ಬೈಯಲಿಲ್ಲ. ಹಳೆಯ ಸ್ಪೀಕರಿನ ಆಯಸ್ಕಾಂತ ತರಿಸಿ ಸೆನ್ಸರಿನ ಎರಡು ತಂತಿಗಳಿಗೆ ಹಿಡಿದರು. ಕೆಂಪಿನದು ಮೆಲ್ಲಗೆ ಅಂಟಿತು, ಹಳದಿಯದು ಅಂಟಲಿಲ್ಲ. ಕೆ ಟೈಪಿನಲ್ಲಿ ಮೈನಸ್ ತಂತಿಗೆ ಆಯಸ್ಕಾಂತ ಹಿಡಿಯುತ್ತದೆ. ಅಮೆರಿಕದ ಬಣ್ಣದ ಪದ್ಧತಿಯಲ್ಲಿ ಥರ್ಮೋಕಪಲ್ಲಿನ ಕೆಂಪು ಯಾವಾಗಲೂ ಮೈನಸ್. ಇನ್ನೊಂದು ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಇದೇ ಕೆ ಟೈಪಿಗೆ ಹಸಿರು ಪ್ಲಸ್, ಬಿಳಿ ಮೈನಸ್. ನಾನು ತಿರುಗಾಮುರುಗಾ ಕೂರಿಸಿದ್ದರಿಂದ ಒಳಗೆ ಏರಿದಷ್ಟೂ ಅಂಕೆ ಇಳಿಯುತ್ತಿತ್ತು. ಕಂಟ್ರೋಲರ್ ಪಾಪ, ಚಳಿಯಾಗಿದೆ ಎಂದು ನಂಬಿ ಹೀಟರಿಗೆ ಪೂರ್ತಿ ಕರೆಂಟ್ ಬಿಡುತ್ತಲೇ ಇತ್ತು. ಇನ್ನೊಂದು ಅರ್ಧ ಗಂಟೆ ಬಿಟ್ಟಿದ್ದರೆ ಮೊದಲಿನದ್ದೇ ಕತೆ. ಈ ಸಲ ಹಳೆಯ ಥರ್ಮೋಸ್ಟಾಟನ್ನು ದೂರಲೂ ಆಗುತ್ತಿರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವಯರು ತಪ್ಪಾದದ್ದು ದೊಡ್ಡದಲ್ಲ, ಯಾರಿಗೂ ಆಗುತ್ತದೆ. ಎಸ್‌ಎಸ್‌ಆರ್ ದೀಪ ಉರಿಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ. ಮೈಗೆ ಸೆಕೆ ತಟ್ಟುತ್ತಿತ್ತು. ಪಕ್ಕದಲ್ಲೇ ಹತ್ತೊಂಬತ್ತು ವರ್ಷ ಬೋರ್ಮಾ ಕಂಡ ಹೆಂಗಸು ಕೂತಿದ್ದರು. ಅವರನ್ನು ಒಂದು ಮಾತು ಕೇಳದೆ ನಾನು ಅಂಕೆಯನ್ನು ನಂಬಿದ್ದೆ. ಒಂದೇ ಮೂಲ ನಂಬಿ ಸುದ್ದಿ ಬರೆಯಬೇಡಿ ಎಂದು ಮೂರು ವರ್ಷ ಕಲಿತವಳು ನಾನು.

ಮರುದಿನ ಎರಡನೇ ಥರ್ಮೋಸ್ಟಾಟನ್ನೂ ಕೂರಿಸಿದೆವು. ಮೊದಲು ಅದಕ್ಕೆ ಖರ್ಚು ಯಾಕೆ ಅಂತ ವಾದ ಮಾಡಿದ್ದು ನಾನೇ. ಅಣ್ಣ ಹೇಳಿದ್ದು ಇಷ್ಟೆ: ಎಸ್‌ಎಸ್‌ಆರ್ ಕೆಟ್ಟರೆ ಸಾಧಾರಣವಾಗಿ ಆರಿ ಕೆಡುವುದಿಲ್ಲ, ಹೊತ್ತಿಕೊಂಡೇ ಕೆಡುತ್ತದೆ. ಆಗ ಕಂಟ್ರೋಲರ್ ಸಾಕು ಎಂದರೂ ಹೀಟರ್ ಕೇಳುವುದಿಲ್ಲ. ಆದ್ದರಿಂದ ಬೇರೆಯೇ ಸೆನ್ಸರಿನ, ಬೇರೆಯೇ ಕಾಂಟಾಕ್ಟರಿನ ಕಾವಲು ಬೇಕು. 85 ಡಿಗ್ರಿ ದಾಟಿದರೆ ಅದು ಹೀಟರಿನ ಕರೆಂಟನ್ನೇ ಕಡಿಯುತ್ತದೆ, ಕೈಯಿಂದ ರೀಸೆಟ್ ಮಾಡುವವರೆಗೆ ಮತ್ತೆ ಬಿಡುವುದಿಲ್ಲ. ಪ್ಯಾನೆಲ್ಲಿನ ಬಾಗಿಲಿಗೂ ಹಸಿರು ಅರ್ಥಿಂಗ್ ವಯರು ಹಾಕಿದೆವು. ಬಿಜಾಗರಿಯನ್ನು ನಂಬಬಾರದಂತೆ.

ಕೊನೆಗೆ ಆಟೋಟ್ಯೂನ್. ಕಂಟ್ರೋಲರ್ ತಾನೇ ಹೀಟರನ್ನು ಹೊತ್ತಿಸಿ ಆರಿಸಿ, 70ರ ಆಚೆ ಈಚೆ ಕೆಲವು ಸಲ ತೂಗಾಡಿಸಿ, ಈ ಪೆಟ್ಟಿಗೆ ಎಷ್ಟು ಬೇಗ ಬಿಸಿಯಾಗುತ್ತದೆ, ಎಷ್ಟು ತಡವಾಗಿ ತಣಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳುತ್ತದೆ. ಆಮೇಲೆ ಮೂರು ಸಂಗತಿ ನೋಡಿ ಹೀಟರ್ ನಡೆಸುತ್ತದೆ: ಈಗ ಎಷ್ಟು ದೂರ ಇದ್ದೇನೆ, ಇಷ್ಟು ಹೊತ್ತು ಎಷ್ಟು ತಪ್ಪಿದ್ದೇನೆ, ಎಷ್ಟು ವೇಗದಲ್ಲಿ ಹೋಗುತ್ತಿದ್ದೇನೆ. ಪಿಐಡಿ ಅಂದರೆ ಇದೇ. ಹುಡುಕಿ ಓದಿದಾಗ ಗೊತ್ತಾದದ್ದು, 1922ರಲ್ಲಿ ಮಿನೋರ್ಸ್ಕಿ ಎಂಬವರು ಇದನ್ನು ಗಣಿತದಲ್ಲಿ ಬರೆದದ್ದು ಹಡಗಿನ ಚುಕ್ಕಾಣಿ ಹಿಡಿಯುವವರನ್ನು ಗಮನಿಸಿ. ಪಳಗಿದ ಚುಕ್ಕಾಣಿಗಾರ ಹಡಗು ತಿರುಗಿ ಮುಗಿಯುವ ಮೊದಲೇ ಕೈ ಹಿಂದಕ್ಕೆ ತರುತ್ತಾನೆ.

ಇದನ್ನು ಚಿಕ್ಕಮ್ಮನಿಗೆ ಹೇಳಿದೆ. "ಅದರಲ್ಲಿ ಎಂತ ಉಂಟು? ಕಾರ್ಖಾನೆಯಲ್ಲಿ ನಾವು ಎಪ್ಪತ್ತಾಗುವ ಮೊದಲೇ ಬೆಂಕಿ ಎಳೆಯುತ್ತಿದ್ದೆವು. ಆದ ಮೇಲೆ ಎಳೆದರೆ ಬೀಜ ಹೋಯ್ತು" ಅಂದರು. ನಾನು ಸುಮ್ಮನಾದೆ.

ಹೊಸ ಬ್ಯಾಚು ಇಟ್ಟ ರಾತ್ರಿ ಇಬ್ಬರೂ ಮಲಗಲಿಲ್ಲ. ಕತ್ತಲ ಕೊಟ್ಟಿಗೆಯಲ್ಲಿ ಅಂಕೆ 69, 70, 71ರ ನಡುವೆಯೇ ಇತ್ತು. ಗಂಟೆಗೊಮ್ಮೆ ಚಿಕ್ಕಮ್ಮ ಬಾಗಿಲು ತೆರೆದು ಒಂದು ಬೀಜ ತೆಗೆದು ಉಗುರಿನಲ್ಲಿ ಕೆರೆಯುತ್ತಿದ್ದರು. ಬಾಗಿಲು ತೆರೆದರೆ ಬಿಸಿ ಇಳಿಯುತ್ತದೆ ಎಂದು ಹೇಳಲು ಬಾಯಿ ಬಂದರೂ ಹೇಳಲಿಲ್ಲ. ಏಳನೇ ಗಂಟೆಗೆ ಸಿಪ್ಪೆ ಬೆರಳಿಗೆ ಹಾಗೇ ಬಿಟ್ಟುಬಂತು. ಒಳಗೆ ಬೆಳ್ಳಗಿನ ಬೀಜ. ಅದನ್ನು ನನ್ನ ಕೈಗೆ ಹಾಕಿ, "ತಿನ್ನು" ಅಂದರು.

ಸುಟ್ಟ 40 ಕೆ.ಜಿ.ಯ ನಷ್ಟ ತುಂಬಲಿಲ್ಲ. ಆರ್ಡರಿನ ಅರ್ಧ ಮಾತ್ರ ಹಬ್ಬಕ್ಕೆ ಕೊಡಲು ಸಾಧ್ಯವಾಯಿತು, ಸಾಲದ ಒಂದು ಕಂತು ತಪ್ಪಿತು. ಅಣ್ಣನ ಪ್ಲಾಸ್ಟರ್ ಬಿಚ್ಚಿದ್ದಾರೆ, ಈಗ ಅವರಿಗೆ ನನ್ನ ಸಹಾಯ ಬೇಡ. ಆದರೂ ಪಕ್ಕದೂರಿನಲ್ಲಿ ಕೊಬ್ಬರಿ ಡ್ರೈಯರ್ ಒಂದಕ್ಕೆ ಇಂಥದೇ ಪ್ಯಾನೆಲ್ ಕೂರಿಸಲು ಹೋಗುವಾಗ ನನ್ನನ್ನೂ ಕರೆದರು. ಸೆನ್ಸರಿನ ತಂತಿ ಕೈಗೆ ಬಂದ ಕೂಡಲೇ ನಾನು ಮೊದಲು ಜೇಬಿನಿಂದ ತೆಗೆದದ್ದು ಆಯಸ್ಕಾಂತ. ಆಮೇಲೆ ಆ ಮನೆಯ ಅಜ್ಜಿಯ ಹತ್ತಿರ ಹೋಗಿ ಕೇಳಿದೆ, "ಅಜ್ಜಿ, ಕೊಬ್ಬರಿ ಒಣಗಿದ್ದು ನಿಮಗೆ ಹೇಗೆ ಗೊತ್ತಾಗ್ತದೆ?"