ಕೊಡೇಕಲ್ಲಿನಿಂದ ನೇಪಾಳಕ್ಕೆ: ಮೋಟಾರುಸೈಕಲ್ ಪಯಣಿಗರಿಗೆ ಕೆಲವು ಹಿತನುಡಿಗಳು

ನಾರಾಯಣಪುರ ಜಲಾಶಯದ ನೆರೆಯಲ್ಲಿರುವ ಕೊಡೇಕಲ್ 1948ರವರೆಗೆ ನಿಜಾಮರ ಸೀಮೆಯಾಗಿತ್ತು. ಅದಕ್ಕೆ ದೂರವಲ್ಲದ ತಾಳಿಕೋಟೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಭಾಷೆ ಒಂದೇ, ಬೀಗತನವೂ ಒಂದೇ. ಆದರೂ ಗಡಿ ದಾಟಿದರೆ ನಾಣ್ಯ ಬೇರೆ, ಸುಂಕದ ಕಟ್ಟಳೆ ಬೇರೆ. ಆ ಗಡಿ ಇಂದು ಅಳಿದಿದೆ. ಅದು ಕಲಿಸಿದ ಪಾಠ ಅಳಿದಿಲ್ಲ. ಗಡಿಯಾಚೆ ಆ ನೆಲದ ಕಟ್ಟಳೆಯೇ ಕಟ್ಟಳೆ. ಮೋಟಾರುಸೈಕಲ್ಲೇರಿ ನೇಪಾಳಕ್ಕೆ ಹೋಗಬಯಸುವ ನಮ್ಮ ತರುಣರೂ ಅವರನ್ನು ಕಳುಹಿಸುವ ಮನೆಯವರೂ ಇದನ್ನು ಮೊದಲು ಮನಗಾಣಬೇಕು.

ಕನ್ನಡಿಗರಿಗೆ ಆ ನಾಡು ಅಪರಿಚಿತವಲ್ಲ. ಬೀರಗಂಜದ ಪೂರ್ವಕ್ಕಿರುವ ಸಿಮ್ರೌನಗಡ, 1097ರಲ್ಲಿ ನಾನ್ಯದೇವನು ಸ್ಥಾಪಿಸಿದ ಕರ್ಣಾಟ ವಂಶದ ರಾಜಧಾನಿ. ಪಶುಪತಿನಾಥನ ಅರ್ಚಕರಾಗಿ ಕರ್ನಾಟಕದ ಭಟ್ಟರು ಸೇವೆ ಸಲ್ಲಿಸುತ್ತ ಬಂದಿದ್ದಾರೆ. ಭಕ್ತಪುರದಲ್ಲಿ ಜಂಗಮ ಮಠವೆಂಬ ಮಠವೇ ಇದೆ. ಇವುಗಳನ್ನು ಕಂಡು ಬರುವುದು ಸಾರ್ಥಕ ಪಯಣವೇ ಸರಿ.

ಭಾರತೀಯರಿಗೆ ಅಲ್ಲಿ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲವೆ ಚುನಾವಣಾ ಗುರುತಿನ ಚೀಟಿ ಜೊತೆಗಿರಲಿ. ಆಧಾರ್ ಒಂದನ್ನೇ ನೆಚ್ಚಬಾರದು. ವಾಹನದ ನೋಂದಣಿ ಪತ್ರ, ಚಾಲನಾ ಪರವಾನಗಿ, ವಿಮಾಪತ್ರಗಳ ಮೂಲಪ್ರತಿಗಳನ್ನು ಒಯ್ಯಬೇಕು. ಗಾಡಿ ಬೇರೆಯವರ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆಪತ್ರವೂ ಅವಶ್ಯ. ರಕ್ಸೌಲ್ ದಾಟಿ ಬೀರಗಂಜ ತಲುಪಿದೊಡನೆ ಭನ್ಸಾರ್ ಎಂಬ ಸುಂಕದ ಕಚೇರಿಯಲ್ಲಿ, ಇರುವ ದಿನಗಳ ಲೆಕ್ಕದಲ್ಲಿ ಹಣ ಕಟ್ಟಿ ರಸೀದಿ ಪಡೆಯಬೇಕು. ಅವಧಿ ಮೀರಿದರೆ ದಂಡ ತೆರಬೇಕಾಗುತ್ತದೆ. ಆದ್ದರಿಂದ ಒಂದೆರಡು ದಿನ ಹೆಚ್ಚಿಗೆ ಕಟ್ಟುವುದೇ ಲೇಸು.

ಎಲ್ಲಕ್ಕಿಂತ ಮುಖ್ಯವಾದುದು ವಿಮೆ. ನಮ್ಮ ಸಾಮಾನ್ಯ ವಾಹನ ವಿಮೆ ಭಾರತದ ಗಡಿಯೊಳಗಷ್ಟೇ ನಡೆಯುತ್ತದೆ. ಹೆಚ್ಚುವರಿ ಕಂತು ಕಟ್ಟಿ ಅದನ್ನು ನೇಪಾಳಕ್ಕೂ ವಿಸ್ತರಿಸಿಕೊಳ್ಳುವ ಅವಕಾಶವಿದೆ. ಹೊರಡುವ ಮುನ್ನವೇ ವಿಮಾ ಕಚೇರಿಯಲ್ಲಿ ಇದನ್ನು ಬರೆಸಿಕೊಳ್ಳಬೇಕು. ಅಲಕ್ಷ್ಯ ಮಾಡಿದಲ್ಲಿ, ಪರನಾಡಿನ ಒಂದು ಕ್ಷಣದ ಅಪಘಾತಕ್ಕೆ ಊರಿನ ಹೊಲವನ್ನೇ ಒತ್ತೆಯಿಡುವ ಕಾಲ ಬಂದೀತು.

ಅಲ್ಲಿಯೂ ವಾಹನಗಳು ಎಡಬದಿಯಲ್ಲೇ ಚಲಿಸುತ್ತವೆ. ಆದರೆ ಎರೆನೆಲದ ಸಮತಟ್ಟು ದಾರಿಗೆ ಒಗ್ಗಿದ ಕೈಗೆ ಹಿಮಾಲಯದ ತಿರುವುಗಳು ಹೊಸವು. ಹೇಟೌಡದಿಂದ ಕಠ್ಮಂಡುವಿಗೆ ಏರುವ ತ್ರಿಭುವನ ರಾಜಪಥವು 2,400 ಮೀಟರಿಗೂ ಮೇಲೆ ಸಾಗುತ್ತದೆ. ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸಿ ಜಾರಿಬಿಡಬಾರದು. ಕೆಳಗಿನ ಗೇರಿನಲ್ಲಿ ನಿಧಾನವಾಗಿ ಇಳಿಯಬೇಕು. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಅದು ಕಾಯ್ದು ಹಿಡಿತ ತಪ್ಪುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ. 2024ರ ಜುಲೈನಲ್ಲಿ ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ ಎರಡು ಬಸ್ಸುಗಳು ಭೂಕುಸಿತಕ್ಕೆ ಸಿಕ್ಕಿ ತ್ರಿಶೂಲಿ ನದಿಯ ಪಾಲಾದವು. ಆದ್ದರಿಂದ ದಸರೆಯ ಅನಂತರದ ದಿನಗಳೇ ಪ್ರಶಸ್ತ. ರಾತ್ರಿಯ ಪಯಣವಂತೂ ಸಲ್ಲದು. ಕಠ್ಮಂಡು ಕಣಿವೆಯಲ್ಲಿ 2017ರಿಂದ ವೃಥಾ ಹಾರ್ನ್ ಬಾರಿಸುವುದಕ್ಕೆ ನಿಷೇಧವಿದೆ.

ನಮ್ಮ 100 ರೂಪಾಯಿ ಅಲ್ಲಿಯ 160 ರೂಪಾಯಿಗೆ ಸಮ. ಬೆಲೆ ಕೇಳುವಾಗ ಯಾವ ರೂಪಾಯಿಯ ಲೆಕ್ಕವೆಂದು ಮೊದಲೇ ತಿಳಿಯುವುದು ಒಳಿತು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದಿರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಕಠ್ಮಂಡುವಿನಲ್ಲಿ ಗಲಭೆಯಾಗಿ ಕರ್ಫ್ಯೂ ವಿಧಿಸಲಾಗಿತ್ತು. ಆದಕಾರಣ ಹೊರಡುವ ಮುನ್ನ ಅಲ್ಲಿಯ ಪರಿಸ್ಥಿತಿ ವಿಚಾರಿಸಿಕೊಳ್ಳಬೇಕು.

ನೇಪಾಳದಲ್ಲಿ ನಮ್ಮ ಚಾಲನಾ ಪರವಾನಗಿಯೇ ನಡೆಯುತ್ತದೆ. ಇನ್ನೂ ದೂರದ ದೇಶಗಳಿಗೆ ಹೋಗುವವರು ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಪರವಾನಗಿ ಪಡೆಯಬೇಕು. ಅದರ ಅವಧಿ ಒಂದು ವರ್ಷ.

ತಂದೆತಾಯಿಗಳಲ್ಲಿ ಒಂದು ವಿನಂತಿ. ಹೋಗುವ ಮಗನನ್ನು ಗದರಿಸಿ ತಡೆದರೆ ಅವನು ಹೇಳದೆ ಹೋದಾನು. ಅದರ ಬದಲು ಕಾಗದಪತ್ರಗಳ ಒಂದೊಂದು ಪ್ರತಿಯನ್ನೂ ತಂಗುವ ಊರುಗಳ ಪಟ್ಟಿಯನ್ನೂ ಮನೆಯಲ್ಲಿ ಇರಿಸಿಕೊಳ್ಳಿರಿ. ಪ್ರತಿ ಸಂಜೆ ದೂರವಾಣಿಯಲ್ಲಿ ಮಾತನಾಡುವಂತೆ ಮಾತು ಪಡೆದು, ಹರಸಿ ಕಳುಹಿಸಿರಿ.